ಒಂದು ತಂತಿ, ಎರಡು ಕರೆ

ಇಪ್ಪತ್ತನೆಯ ಶತಮಾನ ಮುಗಿಯುತ್ತ ಬಂದ ವರ್ಷಗಳಲ್ಲಿ, ಗಣಕಯಂತ್ರವನ್ನು ಇಟ್ಟುಕೊಂಡಿದ್ದ ಮನೆಗಳಿಗೆ ಅದಕ್ಕೆ ಮೊದಲು ಯಾರೂ ಕಾಣದಿದ್ದ ಒಂದು ಇಕ್ಕಟ್ಟು ಎದುರಾಯಿತು. ಮನೆಗೆ ದೂರವಾಣಿಯ ತಂತಿ ಒಂದೇ. ಅದೇ ತಂತಿಯ ಮೂಲಕ ಅಂತರ್ಜಾಲವನ್ನು ಹೊಗಬೇಕು. ಅದೇ ತಂತಿಯ ಮೇಲೆ ಹೊರಗಿನಿಂದ ಫ್ಯಾಕ್ಸ್ ಬರಬೇಕು. ಗಣಕಯಂತ್ರಕ್ಕೆ ಎರಡು ವಿದ್ಯೆಯೂ ಬರುತ್ತಿತ್ತು, ತಂತಿಗೆ ಮಾತ್ರ ಒಂದು ಸಲಕ್ಕೆ ಒಂದೇ. ಮಗ ಅಂತರ್ಜಾಲದಲ್ಲಿ ಮುಳುಗಿರುವ ಹೊತ್ತಿನಲ್ಲಿ ತಂದೆಯ ಹೆಸರಿಗೆ ಹೊರಟ ಕಾಗದವು ಹೊಸ್ತಿಲವರೆಗೆ ಬಂದು, ತಂತಿ ಬಿಡುವಿಲ್ಲವೆಂಬ ಸದ್ದನ್ನು ಕೇಳಿ ಹಿಂದಿರುಗುತ್ತಿತ್ತು. ಹಾಗೆ ಬಂದು ಹೋದದ್ದು ಮನೆಯವರಿಗೆ ತಿಳಿಯುತ್ತಲೂ ಇರಲಿಲ್ಲ.

ಇದೂ ಒಂದು ಚರಿತ್ರೆಯ ವಿಷಯವೇ ಎಂದು ಕೆಲವರಾದರೂ ಕೇಳಬಹುದು. ಯಂತ್ರಗಳ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಕಳುಹಿಸುವವನ ಜಾಣ್ಮೆಯನ್ನು ಕೊಂಡಾಡುತ್ತಾರೆ. ಪಡೆಯುವವನ ಪಾಡನ್ನು ಯಾರೂ ವಿಚಾರಿಸುವುದಿಲ್ಲ. ಆದರೆ ಫ್ಯಾಕ್ಸಿನ ಕಥೆಯಲ್ಲಿ ಮೊದಲಿನಿಂದ ಕೊನೆಯವರೆಗೂ ಕಷ್ಟವೆಲ್ಲ ಪಡೆಯುವ ಕಡೆಯಲ್ಲಿಯೇ ಇತ್ತು. ಆ ಕಡೆಯ ಯಂತ್ರ ಆ ಕ್ಷಣದಲ್ಲಿ ಎಚ್ಚರವಾಗಿರಬೇಕು, ಮತ್ತು ಈ ಕಡೆಯ ಯಂತ್ರದೊಡನೆ ಹೆಜ್ಜೆಗೆ ಹೆಜ್ಜೆ ಕೂಡಿಸಬೇಕು. ಮನೆಯ ಗಣಕಯಂತ್ರವು ಪಟ್ಟ ಪಾಡಿನ ಬೇರು 1843ರಷ್ಟು ಹಿಂದಕ್ಕೆ ಹೋಗುತ್ತದೆ.

ಆ ವರ್ಷದ ಮೇ ತಿಂಗಳಲ್ಲಿ ಅಲೆಗ್ಸಾಂಡರ್ ಬೇನ್ ಎಂಬಾತನು ಬ್ರಿಟನ್ನಿನಲ್ಲಿ ಒಂದು ಪೇಟೆಂಟನ್ನು ಪಡೆದನು. ಬೆಲ್ ದೂರವಾಣಿಗೆ ಪೇಟೆಂಟ್ ಪಡೆದದ್ದು 1876ರಲ್ಲಿ. ಎಂದರೆ, ತಂತಿಯ ಮೇಲೆ ಮನುಷ್ಯನ ದನಿ ಹರಿಯುವುದಕ್ಕೆ 33 ವರ್ಷ ಮೊದಲೇ ಅಕ್ಷರದ ಆಕೃತಿಯನ್ನು ಹರಿಯಿಸುವ ಉಪಾಯ ಕಾಗದದ ಮೇಲೆ ಸಿದ್ಧವಾಗಿತ್ತು. ಬೇನ್ ಸ್ಕಾಟ್ಲೆಂಡಿನ ಉತ್ತರದ ತುದಿಯಲ್ಲಿರುವ ಕೇಥ್‌ನೆಸ್ ಪ್ರಾಂತದ ಒಬ್ಬ ಸಣ್ಣ ರೈತನ ಮಗ. ವಿಕ್ ಎಂಬ ಊರಿನಲ್ಲಿ ಗಡಿಯಾರದ ಕೆಲಸವನ್ನು ಕಲಿತವನು. ಗಡಿಯಾರದವನಾದ್ದರಿಂದಲೇ ಅವನಿಗೆ ಈ ಉಪಾಯ ಹೊಳೆಯಿತೆಂದು ತೋರುತ್ತದೆ. ಎರಡು ಊರುಗಳಲ್ಲಿ ಎರಡು ಲೋಲಕಗಳು. ಇಲ್ಲಿಯ ಲೋಲಕಕ್ಕೆ ಕಟ್ಟಿದ ಲೋಹದ ಮೊನೆಯು ಲೋಹದ ಅಚ್ಚುಗಳ ಮೇಲೆ ಸವರಿಕೊಂಡು ಹೋಗುತ್ತದೆ. ಅಚ್ಚು ತಗುಲಿದಲ್ಲಿ ವಿದ್ಯುತ್ತು ಹರಿಯುತ್ತದೆ, ತಗುಲದಲ್ಲಿ ನಿಲ್ಲುತ್ತದೆ. ಅಲ್ಲಿಯ ಲೋಲಕದ ಮೊನೆಯ ಕೆಳಗೆ ರಾಸಾಯನಿಕದಲ್ಲಿ ನೆನೆಸಿದ ಕಾಗದ. ವಿದ್ಯುತ್ತು ಬಂದಾಗ ಅದರ ಮೇಲೆ ಕಲೆ ಮೂಡುತ್ತದೆ. ಒಂದೊಂದು ತೂಗಿಗೂ ಅಚ್ಚು ಮತ್ತು ಕಾಗದ ಎರಡೂ ಒಂದೊಂದು ಗೆರೆಯಷ್ಟು ಸರಿಯುತ್ತವೆ. ಉಪಾಯವೇನೋ ಸರಳ. ಎರಡು ಲೋಲಕಗಳೂ ಒಂದೇ ತಾಳಕ್ಕೆ ತೂಗದಿದ್ದರೆ ಮಾತ್ರ ಅಕ್ಷರವೆಲ್ಲ ಓರೆಯಾಗಿ, ಹರಿದು ಚೆಲ್ಲಿಹೋಗುತ್ತದೆ. ನೂರಾರು ಮೈಲಿ ದೂರದ ಎರಡು ಲೋಲಕಗಳನ್ನು ಒಂದೇ ತಾಳಕ್ಕೆ ತೂಗಿಸುವುದು ಬೇನನ ಕಾಲದ ಕುಶಲತೆಗೆ ಸುಲಭದ ಕೆಲಸವಾಗಿರಲಿಲ್ಲ. 1848ರಲ್ಲಿ ಪೇಟೆಂಟ್ ಪಡೆದ ಫ್ರೆಡರಿಕ್ ಬೇಕ್‌ವೆಲ್ ಲೋಲಕದ ಬದಲು ತಿರುಗುವ ಉರುಳೆಯನ್ನು ಬಳಸಿ, 1851ರ ಲಂಡನ್ನಿನ ಮಹಾ ಪ್ರದರ್ಶನದಲ್ಲಿ ತನ್ನ ಯಂತ್ರವನ್ನು ತೋರಿಸಿದನಾದರೂ ತಾಳದ ತೊಡಕು ಅಲ್ಲಿಯೂ ತೀರಲಿಲ್ಲ.

ತೀರಿಸಿದವನು ಒಬ್ಬ ಪಾದ್ರಿ. ಇಟಲಿಯ ಸಿಯೆನಾದಲ್ಲಿ ಹುಟ್ಟಿದ ಜಿಯೊವಾನಿ ಕಾಸೆಲ್ಲಿ, ಲೋಲಕಗಳ ತಾಳವನ್ನು ತಂತಿಯ ವಿದ್ಯುತ್ತಿನ ಮರ್ಜಿಗೆ ಬಿಡದೆ ಎರಡೂ ಕಡೆ ಪ್ರತ್ಯೇಕ ಗಡಿಯಾರಗಳ ವಶಕ್ಕೆ ಕೊಟ್ಟನು. ಆಳೆತ್ತರವನ್ನೂ ಮೀರಿದ ಎರಕದ ಕಬ್ಬಿಣದ ಯಂತ್ರ ಅವನದು. ತವರದ ತೆಳುಹಾಳೆಯ ಮೇಲೆ ವಿದ್ಯುತ್ತನ್ನು ಹಾಯಗೊಡದ ಮಸಿಯಿಂದ ಬರೆದರೆ, ಆ ಕಡೆಯ ಕಾಗದದ ಮೇಲೆ ನೀಲಿಯ ಗೆರೆಗಳಾಗಿ ಅದೇ ಬರಹ ಮೂಡುತ್ತಿತ್ತು. 1860ರಲ್ಲಿ ಚಕ್ರವರ್ತಿ ಮೂರನೆಯ ನೆಪೋಲಿಯನ್ ತಾನೇ ಕಾರ್ಯಾಗಾರಕ್ಕೆ ಬಂದು ಇದನ್ನು ನೋಡಿದ. 1865ರಲ್ಲಿ ಪ್ಯಾರಿಸ್ ಮತ್ತು ಲಿಯೋನ್ ನಡುವೆ ಸಾರ್ವಜನಿಕರಿಗಾಗಿ ಸೇವೆ ಆರಂಭವಾಯಿತು. ಜನರು ಇದರಲ್ಲಿ ಕಳುಹಿಸಿದ್ದೇನು? ಪ್ರೇಮಪತ್ರಗಳನ್ನಲ್ಲ, ಚಿತ್ರಗಳನ್ನೂ ಅಷ್ಟಾಗಿ ಅಲ್ಲ; ಹೆಚ್ಚಾಗಿ ಬ್ಯಾಂಕಿನ ವ್ಯವಹಾರದ ರುಜುಗಳನ್ನು. ಮೋರ್ಸನ ಚುಕ್ಕೆಗೆರೆಗಳು ಮಾತಿನ ಅರ್ಥವನ್ನು ಮುಟ್ಟಿಸಬಲ್ಲವು, ಆದರೆ ಬರೆದ ಕೈ ಯಾರದು ಎಂಬುದನ್ನು ಮುಟ್ಟಿಸಲಾರವು. ಫ್ಯಾಕ್ಸಿನ ಮೂಲಬಲ ಇದೆಂದು ವ್ಯಾಪಾರಿಗಳು ವಿಜ್ಞಾನಿಗಳಿಗಿಂತ ಮೊದಲೇ ಕಂಡುಕೊಂಡರು. 1870ರ ಯುದ್ಧದೊಡನೆ ಆ ಸೇವೆ ನಿಂತಿತು.

ಮುಂದಿನ ನೂರು ವರ್ಷಗಳನ್ನು ಬೇಗನೆ ದಾಟಬಹುದು. ಜರ್ಮನಿಯಲ್ಲಿ ಆರ್ಥರ್ ಕಾರ್ನ್, ಫ್ರಾನ್ಸಿನಲ್ಲಿ ಎಡ್ವರ್ಡ್ ಬೆಲಿನ್ ಬೆಳಕಿನ ಸಹಾಯದಿಂದ ಛಾಯಾಚಿತ್ರವನ್ನು ತಂತಿಯ ಮೇಲೆ ಕಳುಹಿಸಿದರು. ವೃತ್ತಪತ್ರಿಕೆಗಳು ಅದನ್ನು ಅಪ್ಪಿಕೊಂಡವು. ಜಪಾನಿನ ಮಾತನ್ನು ಮಾತ್ರ ಎರಡು ಕ್ಷಣ ನಿಂತು ಹೇಳಬೇಕು. 1928ರ ನವೆಂಬರಿನಲ್ಲಿ ಕ್ಯೋಟೊ ನಗರದಲ್ಲಿ ಷೋವಾ ಚಕ್ರವರ್ತಿಯ ಪಟ್ಟಾಭಿಷೇಕವಾದಾಗ, ನಿಪ್ಪಾನ್ ಎಲೆಕ್ಟ್ರಿಕ್ ಕಂಪನಿಯ ಎಂಜಿನಿಯರ್ ನಿವಾ ಯಾಸುಜಿರೊ ರೂಪಿಸಿದ ಯಂತ್ರದಿಂದ ಅದರ ಚಿತ್ರಗಳು ಟೋಕಿಯೋ ಮುಟ್ಟಿದವು. ಸಾವಿರಾರು ಚಿತ್ರಾಕ್ಷರಗಳ ಬರವಣಿಗೆಯಿರುವ ಆ ನಾಡಿಗೆ, ಇಪ್ಪತ್ತಾರು ಅಕ್ಷರಗಳಿಗೆಂದು ಹುಟ್ಟಿದ ಮೋರ್ಸನ ಸಂಕೇತ ಎಂದಿಗೂ ಮೈಗೊಪ್ಪುವ ಅಂಗಿಯಾಗಿರಲಿಲ್ಲ. ಯಾವ ಲಿಪಿ ಎಂದು ಕೇಳದ ಯಂತ್ರ ಅದಕ್ಕೆ ಬೇಕಾಗಿತ್ತು. ಮುಂದೆ ಫ್ಯಾಕ್ಸ್ ಯಂತ್ರಗಳನ್ನು ಲೋಕಕ್ಕೆಲ್ಲ ತಯಾರಿಸಿ ಕೊಟ್ಟದ್ದು ಜಪಾನೇ ಎಂಬುದು ಆಕಸ್ಮಿಕವಲ್ಲ.

ಈ ಮಾತು ನಮಗೂ ಸಲ್ಲುತ್ತದೆ. ತಂತಿಯ ಕಾಲದಲ್ಲಿ ಕನ್ನಡದ ಸುದ್ದಿ ರೋಮನ್ ಅಕ್ಷರದ ವೇಷ ತೊಟ್ಟು ಹೋಗಬೇಕಾಗಿತ್ತು. ದೀರ್ಘವೂ ಒತ್ತಕ್ಷರವೂ ದಾರಿಯಲ್ಲಿ ಉದುರಿಹೋದ ಪದವನ್ನು ಓದುವವನು ಊಹೆಯಿಂದ ಕೂಡಿಸಿಕೊಳ್ಳಬೇಕಾಗಿತ್ತು. ಫ್ಯಾಕ್ಸ್ ಬಂದಮೇಲೆ ತಾಲ್ಲೂಕಿನ ವರದಿಗಾರನು ತನ್ನ ಕೈಬರಹದ ಕನ್ನಡವನ್ನು ಪತ್ರಿಕೆಯ ಕಚೇರಿಗೆ ಇದ್ದಕ್ಕಿದ್ದ ಹಾಗೆಯೇ ಮುಟ್ಟಿಸಬಲ್ಲವನಾದ. ಬಸ್ ನಿಲ್ದಾಣದ ಬಳಿಯ ಹಳದಿ ಫಲಕದ ದೂರವಾಣಿ ಮಳಿಗೆಗಳಲ್ಲಿ ಎಸ್‌ಟಿಡಿ, ಐಎಸ್‌ಡಿ ಎಂಬ ಅಕ್ಷರಗಳ ಜೊತೆಗೆ ಫ್ಯಾಕ್ಸ್ ಎಂಬ ಮಾತೂ ಸೇರಿಕೊಂಡದ್ದನ್ನು ನೋಡಿದವರು ಇನ್ನೂ ಇದ್ದಾರೆ.

ಆ ಬಗೆಯ ಯಂತ್ರಗಳೆಲ್ಲ ಒಂದೇ ಭಾಷೆ ಆಡುವಂತಾದದ್ದು 1980ರಲ್ಲಿ. ಆ ವರ್ಷ ಅಂತರರಾಷ್ಟ್ರೀಯ ದೂರಸಂಪರ್ಕ ಸಮಿತಿಯು ಮೂರನೆಯ ವರ್ಗದ ಫ್ಯಾಕ್ಸಿಗೆ ನಿಯಮಗಳನ್ನು ಗೊತ್ತುಪಡಿಸಿತು. ಅದಕ್ಕೆ ಹಿಂದೆ, 1966ರಲ್ಲಿ ಜೆರಾಕ್ಸ್ ಕಂಪನಿ ತಂದ ಯಂತ್ರಕ್ಕೆ ಒಂದು ಪುಟಕ್ಕೆ ಆರು ನಿಮಿಷ ಹಿಡಿಯುತ್ತಿತ್ತು. ಹೊಸ ನಿಯಮದಲ್ಲಿ ಒಂದು ನಿಮಿಷ, ಅದಕ್ಕೂ ಕಡಮೆ. ಇದು ಸಾಧ್ಯವಾದ ಬಗೆ ಸ್ವಾರಸ್ಯವಾಗಿದೆ. ಪುಟದ ಒಂದೊಂದು ಗೆರೆಯಲ್ಲಿ 1728 ಬಿಂದುಗಳು. ಪುಟವೊಂದಕ್ಕೆ ಸಾವಿರದ ನೂರಕ್ಕೂ ಮೀರಿದ ಗೆರೆಗಳು. ಒಟ್ಟು ಸುಮಾರು 20 ಲಕ್ಷ ಬಿಂದುಗಳು. ಇವನ್ನೆಲ್ಲ ಒಂದೊಂದಾಗಿ ಹೇಳಿ ಮುಗಿಯುವುದಿಲ್ಲ. ಆದ್ದರಿಂದ ಯಂತ್ರವು 'ಬಿಳಿ ಇಷ್ಟು, ಕಪ್ಪು ಇಷ್ಟು, ಮತ್ತೆ ಬಿಳಿ ಇಷ್ಟು' ಎಂದು ಸಾಲಿನ ಲೆಕ್ಕವನ್ನು ಮಾತ್ರ ಹೇಳುತ್ತದೆ. ಖಾಲಿ ಜಾಗವಿರುವಲ್ಲಿ ಒಂದೇ ಉಸಿರಿಗೆ ದಾಟಿಹೋಗುತ್ತದೆ. ಕರೆ ಮಾಡಿದ ಯಂತ್ರವು ಸೆಕೆಂಡಿಗೆ 1100 ಕಂಪನಗಳ ದನಿಯಲ್ಲಿ ಬಿಟ್ಟುಬಿಟ್ಟು ಕೂಗುತ್ತದೆ. ಎತ್ತಿಕೊಂಡದ್ದು 2100 ಕಂಪನಗಳ ದನಿಯಲ್ಲಿ ಓಗೊಡುತ್ತದೆ. ಎಷ್ಟು ವೇಗದಲ್ಲಿ ಹೇಳಲಿ ಎಂಬ ಒಪ್ಪಂದ, ಪುಟ ಮುಗಿದಮೇಲೆ ಮುಟ್ಟಿತು ಎಂಬ ರಸೀತಿ, ಎಲ್ಲವೂ ಆ ಒಂದು ಕರೆಯೊಳಗೇ ನಡೆದುಹೋಗಬೇಕು. ಬೇನನ ಲೋಲಕಗಳು ಕಣ್ಣಿಗೆ ಕಾಣದ ರೂಪದಲ್ಲಿ ಇಲ್ಲಿಯೂ ಜೊತೆಯಾಗಿಯೇ ತೂಗುತ್ತಿದ್ದವು.

ಆ ಮೂರನೆಯ ವರ್ಗದ ಭಾಷೆಯನ್ನು ಗಣಕಯಂತ್ರಕ್ಕೂ ಕಲಿಸಬಹುದೆಂದು 1985ರಲ್ಲಿ ಅಮೆರಿಕದ ಗಾಮಾಲಿಂಕ್ ಎಂಬ ಸಂಸ್ಥೆ ಒಂದು ಫಲಕವನ್ನು ಮಾಡಿ ತೋರಿಸಿತು. ತೊಂಬತ್ತರ ದಶಕದ ಆರಂಭದಲ್ಲಿ ಕೆನಡಾದ ಡೆಲ್ರೀನಾ ಸಂಸ್ಥೆಯ ವಿನ್‌ಫ್ಯಾಕ್ಸ್ ಮನೆಮನೆಯ ಹೆಸರಾಯಿತು. ಕಾಗದ ಬೇಡ, ಶಾಯಿ ಬೇಡ. ಬಿಸಿಗೆ ಕಪ್ಪಾಗುವ ಆ ನುಣುಪಿನ ಕಾಗದದ ಮೇಲೆ ಬಂದ ಪತ್ರ ಕೆಲವು ವರ್ಷಗಳಲ್ಲಿ ಮಾಸಿ ಬರಿಯ ಬಿಳಿಯ ಹಾಳೆಯಾಗುವ ಭಯವೂ ಇಲ್ಲ. 1995ರ ವಿಂಡೋಸಿನಲ್ಲಿ ಫ್ಯಾಕ್ಸ್ ಪಡೆಯುವ ಸೌಕರ್ಯವನ್ನು ಸೇರಿಸಿಯೇ ಕೊಟ್ಟರು. ಅದೇ ವರ್ಷದ ಆಗಸ್ಟ್ 15ರಂದು ವಿದೇಶ ಸಂಚಾರ ನಿಗಮವು ಭಾರತದಲ್ಲಿ ಸಾರ್ವಜನಿಕರಿಗೆ ಅಂತರ್ಜಾಲವನ್ನು ತೆರೆಯಿತು. ಎರಡು ಅನುಕೂಲಗಳು ಒಂದೇ ಮೇಜಿಗೆ ಬಂದು, ಒಂದೇ ತಂತಿಗಾಗಿ ಜಗಳಕ್ಕೆ ನಿಂತವು.

ಅಂಗಡಿಯಿಂದ ತಂದ ಫ್ಯಾಕ್ಸ್ ಯಂತ್ರಕ್ಕೆ ಬೇರೆ ಕೆಲಸವಿಲ್ಲ. ಹಗಲಿರುಳೂ ಕಾದು ಕುಳಿತಿರುತ್ತದೆ. ಮನೆಯ ಗಣಕಯಂತ್ರ ಹಾಗಲ್ಲ. ರಾತ್ರಿ ಅದನ್ನು ಆರಿಸುತ್ತಾರೆ. ಹಗಲಿನಲ್ಲಿ ಅದರ ಮೋಡೆಮ್ ಅಂತರ್ಜಾಲದೊಡನೆ ಮಾತಿಗೆ ತೊಡಗಿದರೆ ದನಿಗೆಂದು ತಂತಿಯಲ್ಲಿ ಬಿಟ್ಟಿರುವ ಹಾದಿಯನ್ನೆಲ್ಲ ತುಂಬಿಬಿಡುತ್ತದೆ. ಇನ್ನೊಂದು ಕರೆ ಕಾದಿದೆ ಎಂದು ನಡುವೆ ಸದ್ದು ಮಾಡಿ ತಿಳಿಸುವ ಸೌಲಭ್ಯವನ್ನು ದೂರವಾಣಿಯವರು ಕೊಟ್ಟಿದ್ದರಲ್ಲ, ಮನುಷ್ಯರಿಗೆ ಉಪಕಾರವಾದ ಆ ಸದ್ದು ಮೋಡೆಮಿಗೆ ಕೆಸರೆರಚಿದಂತೆ. ಎಷ್ಟೋ ಸಲ ಇದ್ದ ಸಂಪರ್ಕವೂ ಕಡಿದುಹೋಗುತ್ತಿತ್ತು. ಅಮೆರಿಕದವರು ಅಂತರ್ಜಾಲಕ್ಕೆ ಹೋಗುವ ಮುನ್ನ ನಕ್ಷತ್ರದ ಗುರುತನ್ನೂ 70 ಎಂಬ ಸಂಖ್ಯೆಯನ್ನೂ ಒತ್ತಿ ಆ ಸದ್ದನ್ನು ಅಡಗಿಸುತ್ತಿದ್ದರು. ಹಾಗೆ ಅಡಗಿಸಿದೊಡನೆ ಬರುವ ಫ್ಯಾಕ್ಸಿಗೂ ಬಾಗಿಲು ಮುಚ್ಚಿದಂತೆಯೇ ಆಯಿತು.

ಉಳ್ಳವರು ಎರಡನೆಯ ತಂತಿಯನ್ನು ಹಾಕಿಸಿಕೊಂಡರು. ಯೂರೋಪಿನ ಕೆಲವು ದೇಶಗಳಲ್ಲಿ ಒಂದೇ ಜೋಡಿ ತಂತಿಯಲ್ಲಿ ಎರಡು ಕಾಲುವೆಗಳನ್ನು ತೆಗೆದ ಐಎಸ್‌ಡಿಎನ್ ಎಂಬ ಏರ್ಪಾಡು ಬಳಕೆಗೆ ಬಂದಿತು. ಒಂದರಲ್ಲಿ ಅಂತರ್ಜಾಲ, ಇನ್ನೊಂದರಲ್ಲಿ ಫ್ಯಾಕ್ಸ್. 2000ದಲ್ಲಿ ಒಪ್ಪಿಗೆ ಪಡೆದ ವಿ.92 ಎಂಬ ಮೋಡೆಮ್ ನಿಯಮ ಇನ್ನೂ ಜಾಣತನದ್ದು: ಕರೆ ಬಂದರೆ ಅಂತರ್ಜಾಲಕ್ಕೆ 'ಸ್ವಲ್ಪ ತಾಳು' ಎಂದು ಹೇಳಿ, ಬಂದವರನ್ನು ವಿಚಾರಿಸಿಕೊಂಡು, ಬಿಟ್ಟಲ್ಲಿಂದ ಮುಂದುವರಿಯುವುದು. ಆದರೆ ಆ ವಿವೇಕ ಬರುವಷ್ಟರಲ್ಲಿ ಹೊತ್ತು ಮೀರಿತ್ತು. ದನಿಯ ಹಾದಿಗಿಂತ ಬಹು ಮೇಲಿನ ಕಂಪನಗಳಲ್ಲಿ ಅಂತರ್ಜಾಲವನ್ನು ಒಯ್ಯುವ ಎಡಿಎಸ್‌ಎಲ್ ಬಂದು, ಕೆಳಗಿನ ಹಾದಿಯನ್ನು ದೂರವಾಣಿಗೂ ಫ್ಯಾಕ್ಸಿಗೂ ಬಿಟ್ಟುಕೊಟ್ಟಿತು. 2005ರಲ್ಲಿ ಭಾರತ ಸಂಚಾರ ನಿಗಮ ಡೇಟಾಒನ್ ಎಂಬ ಹೆಸರಿನಲ್ಲಿ ಇದನ್ನು ನಮ್ಮ ಮನೆಗಳಿಗೆ ತಂದಾಗ, ತಂತಿಯನ್ನು ಎರಡಾಗಿ ಕವಲೊಡೆಸುವ ಆ ಪುಟ್ಟ ಡಬ್ಬಿ ಎಲ್ಲರಿಗೂ ಪರಿಚಿತವಾಯಿತು.

ಇನ್ನೊಂದು ಉಪಾಯ ತಂತಿಯ ಗೊಡವೆಯನ್ನೇ ಬಿಟ್ಟಿತು. ಊರೂರು ತಿರುಗುವ ಜರ್ಮನಿಯ ಸಂಗೀತಗಾರ ಜೇ ಮುಲ್ಲರ್ 1995ರಲ್ಲಿ ಜೆಫ್ಯಾಕ್ಸ್ ಎಂಬ ಸಂಸ್ಥೆಯನ್ನು ಹುಟ್ಟುಹಾಕಿದ. ನಿಲ್ಲುವ ಮನೆಯೇ ಇಲ್ಲದವನಿಗೆ ಫ್ಯಾಕ್ಸ್ ಎಲ್ಲಿ ಬರಬೇಕು? ನಿಮ್ಮ ಹೆಸರಿನ ದೂರವಾಣಿ ಸಂಖ್ಯೆ ಎಲ್ಲೋ ದೂರದ ಯಂತ್ರಶಾಲೆಯಲ್ಲಿರುತ್ತದೆ. ಅಲ್ಲಿಗೆ ಬಂದ ಪುಟವನ್ನು ಚಿತ್ರವಾಗಿಸಿ ನಿಮ್ಮ ಮಿಂಚಂಚೆಗೆ ಹಾಕುತ್ತಾರೆ. ನೀವು ಅಂತರ್ಜಾಲದಲ್ಲಿದ್ದರೂ ಸರಿ, ನಿದ್ದೆಯಲ್ಲಿದ್ದರೂ ಸರಿ. 1998ರ ಮಾರ್ಚಿನಲ್ಲಿ ಫ್ಯಾಕ್ಸನ್ನು ಮಿಂಚಂಚೆಯಾಗಿ ಒಯ್ಯುವ ಸರಳ ಕ್ರಮವೊಂದನ್ನು ಅಂತರ್ಜಾಲದ ನಿಯಮವಾಗಿ ಪ್ರಕಟಿಸಿದ ನಾಲ್ವರಲ್ಲಿ ಮೂವರು ಜಪಾನಿನವರು. ಅದೇ ವರ್ಷದಲ್ಲಿ ಟಿ.37, ಟಿ.38 ಎಂಬ ಅಂತರರಾಷ್ಟ್ರೀಯ ನಿಯಮಗಳೂ ಬಂದವು. ಇವುಗಳಲ್ಲಿ ಎರಡನೆಯದರ ಅಗತ್ಯವೇಕೆ ಬಿದ್ದಿತೆಂದರೆ, ದೂರವಾಣಿಯ ಮಾತೇ ಅಂತರ್ಜಾಲದ ತುಣುಕುಗಳಾಗಿ ಹೋಗತೊಡಗಿದಾಗ ಮನುಷ್ಯನ ಕಿವಿ ಆ ತುಣುಕುಗಳ ತಡವನ್ನು ಸಹಿಸಿತು, ಫ್ಯಾಕ್ಸ್ ಸಹಿಸಲಿಲ್ಲ. ತಾಳ ತಪ್ಪಿತು. ನೂರೈವತ್ತು ವರ್ಷದ ಮೇಲೆ ಬೇನನ ತೊಡಕೇ ಮತ್ತೆ ಎದುರಿಗೆ ಬಂದು ನಿಂತಿತ್ತು.

ಅಂಚೆಪೆಟ್ಟಿಗೆಯ ಉಪಾಯದಲ್ಲಿ ನಷ್ಟವೇನೂ ಇಲ್ಲವೇ? ನನ್ನ ಮಟ್ಟಿಗೆ ಇದೆ. ಹಿಂದೆ ಪುಟದ ಕೊನೆಗೆ ಬರುತ್ತಿದ್ದ ರಸೀತಿಯನ್ನು ಪಡೆದವನ ಮನೆಯ ಯಂತ್ರವೇ ಕೊಡುತ್ತಿತ್ತು. ಈಗ ಅದನ್ನು ಕೊಡುವುದು ನಡುವಿನ ಗುಮಾಸ್ತ. ಕಾಗದ ಮುಟ್ಟಿತೇ ಇಲ್ಲವೇ ಎಂಬುದು ಕೆಲವೊಮ್ಮೆ ಸಣ್ಣ ಮಾತಲ್ಲ. 2018ರ ನವೆಂಬರ್ 21ರಂದು ಜಮ್ಮು-ಕಾಶ್ಮೀರದಲ್ಲಿ ಸರ್ಕಾರ ರಚಿಸುವ ಹಕ್ಕನ್ನು ಮಂಡಿಸಿ ಮೆಹಬೂಬಾ ಮುಫ್ತಿ ಅವರು ರಾಜಭವನಕ್ಕೆ ಫ್ಯಾಕ್ಸ್ ಕಳುಹಿಸಲು ಯತ್ನಿಸಿದರು. ಅದನ್ನು ಅಲ್ಲಿಯ ಯಂತ್ರ ಸ್ವೀಕರಿಸಲಿಲ್ಲ. ಅಂದೇ ವಿಧಾನಸಭೆ ವಿಸರ್ಜನೆಯಾಯಿತು. ಹಬ್ಬದ ರಜೆಯಾದ್ದರಿಂದ ಯಂತ್ರದ ಬಳಿ ಯಾರೂ ಇರಲಿಲ್ಲವೆಂದು ಆಗಿನ ರಾಜ್ಯಪಾಲ ಸತ್ಯಪಾಲ್ ಮಲಿಕ್ ಅವರು ಹೇಳಿದರು.

ಕನ್ನಡಕ್ಕಾದದ್ದೇನು ಎಂಬುದನ್ನೂ ಹೇಳಬೇಕು. ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರಲ್ಲಿಯೇ ಸ್ಥಾನ ದೊರೆತಿದ್ದರೂ, ವಿಂಡೋಸಿನಲ್ಲಿ ಅದು ನೆಲೆಗೊಂಡದ್ದು 2001ರ ಎಕ್ಸ್‌ಪಿಯಲ್ಲಿ. ಅಲ್ಲಿಯವರೆಗೆ ಕನ್ನಡದ ಮಿಂಚಂಚೆ ಕಳುಹಿಸಿದರೆ, ಪಡೆದವರಲ್ಲಿ ಅದೇ ಅಕ್ಷರಮಾದರಿ ಇಲ್ಲದಿದ್ದ ಪಕ್ಷದಲ್ಲಿ ಅರ್ಥವಿಲ್ಲದ ಗುರುತುಗಳ ರಾಶಿ ಕಾಣಿಸುತ್ತಿತ್ತು. ಅದೇ ಗಣಕಯಂತ್ರಕ್ಕೆ ಫ್ಯಾಕ್ಸಾಗಿ ಬಂದ ಕನ್ನಡದ ಪುಟ ಮಾತ್ರ ಒತ್ತು, ದೀರ್ಘ, ಕೊನೆಗೆ ಹೊಡೆದುಹಾಕಿದ ಸಾಲಿನ ಸಮೇತ ನೆಟ್ಟಗೆ ತೆರೆಯುತ್ತಿತ್ತು. ಅದರೊಳಗಿನ ಒಂದು ಪದವನ್ನೂ ಹುಡುಕಿ ತೆಗೆಯಲು ಆಗುತ್ತಿರಲಿಲ್ಲ ಎಂಬುದು ನಿಜ, ಚಿತ್ರಕ್ಕೆ ಅಕ್ಷರಜ್ಞಾನವಿಲ್ಲ. ಆದರೂ ಆ ಕೆಲವು ವರ್ಷ ಕನ್ನಡವನ್ನು ಕನ್ನಡವಾಗಿಯೇ ಮನೆಗೆ ತಂದದ್ದು ಆ ನಿರಕ್ಷರಿಯೇ.

ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳು 2019ರ ಜನವರಿಯಿಂದ ಫ್ಯಾಕ್ಸ್ ಯಂತ್ರಗಳನ್ನು ಕೊಳ್ಳುವುದನ್ನು ನಿಲ್ಲಿಸಿದವು. ಜಪಾನಿನಲ್ಲಿ 2021ರಲ್ಲಿ ಮಂತ್ರಿ ಕೋನೊ ತಾರೊ ಸರ್ಕಾರಿ ಕಚೇರಿಗಳಿಂದ ಫ್ಯಾಕ್ಸನ್ನು ತೆಗೆಯಹೊರಟಾಗ ಇಲಾಖೆಗಳಿಂದಲೇ ನೂರಾರು ಆಕ್ಷೇಪಣೆಗಳು ಬಂದು ಅವರು ಹಿಂಜರಿಯಬೇಕಾಯಿತು. ನಮ್ಮ ದೇಶದಲ್ಲಿ ತಂತಿಯ ಸೇವೆ 2013ರ ಜುಲೈಯಲ್ಲಿ ಮುಗಿಯಿತು. ಮನೆಯ ಗಣಕಯಂತ್ರಗಳ ಬೆನ್ನಿನಿಂದ ದೂರವಾಣಿಯ ತಂತಿ ಸಿಕ್ಕಿಸುವ ರಂಧ್ರವೂ ಸದ್ದಿಲ್ಲದೆ ಮಾಯವಾಗಿದೆ. ಫ್ಯಾಕ್ಸ್ ಸ್ವೀಕರಿಸುವ ತಂತ್ರಾಂಶವನ್ನು ಮಾತ್ರ 2015ರ ವಿಂಡೋಸ್ 10ರೊಳಗೂ ಒಂದು ಮೂಲೆಯಲ್ಲಿ ಇರಿಸಿದ್ದರು; ಅದನ್ನು ತೆರೆದರೆ, ಮೊದಲು ಮೋಡೆಮನ್ನು ಜೋಡಿಸಿ ಎಂದು ಕೇಳುತ್ತಿತ್ತು.