ಮಳವಳ್ಳಿ ದಾರಿಯಾಚೆಯ ಟಿಬೆಟನ್ನರು

ಮದ್ದೂರಿನಿಂದ ಮಳವಳ್ಳಿ, ಕೊಳ್ಳೇಗಾಲ ದಾಟಿ ಹನೂರಿನ ಸೀಮೆಗೆ ಹೋದರೆ ಒಡೆಯರಪಾಳ್ಯದ ಟಿಬೆಟನ್ ನಿರಾಶ್ರಿತರ ನೆಲೆ ಸಿಗುತ್ತದೆ. ಈ ನೆಲೆ ಶುರುವಾದದ್ದು 1974ರಲ್ಲಿ; ರಾಜ್ಯದಲ್ಲಿ ಇಂಥ ನೆಲೆಗಳ ಕಥೆ ಮಾತ್ರ ಬೈಲಕುಪ್ಪೆಯಿಂದ ಆರಂಭವಾಗುತ್ತದೆ. 1959ರಲ್ಲಿ ದಲೈ ಲಾಮಾ ಭಾರತಕ್ಕೆ ಬಂದ ಮೇಲೆ ಪ್ರಧಾನಿ ನೆಹರೂ ನಿರಾಶ್ರಿತರಿಗಾಗಿ ರಾಜ್ಯಗಳಲ್ಲಿ ನೆಲ ಕೇಳಿದರು. ಮೈಸೂರು ರಾಜ್ಯ ಬೈಲಕುಪ್ಪೆಯಲ್ಲಿ ಸುಮಾರು 3,000 ಎಕರೆ ಕೊಟ್ಟಿತು. ಈ ಔದಾರ್ಯದ ಕೀರ್ತಿಯನ್ನು ಎಸ್. ನಿಜಲಿಂಗಪ್ಪನವರಿಗೆ ಒಪ್ಪಿಸುವುದು ವಾಡಿಕೆ. ನೆಲ ಕೊಟ್ಟ 1960ರ ಹೊತ್ತಿಗೆ ಮುಖ್ಯಮಂತ್ರಿಯಾಗಿದ್ದವರು ಮಾತ್ರ ಬಿ.ಡಿ. ಜತ್ತಿ.

ನೆಲವೊಂದೇ ಸಾಲದು. ಕಾಡು ಸವರಿ, ಆನೆ ಕಾಟ ತಡೆದು, ಮುಸುಕಿನ ಜೋಳ ಬೆಳೆಯುವಂತಾಗಲು ಹೊರಗಿನ ದತ್ತಿ ಹಣವೂ ಬೇಕಾಯಿತು. ಟಿಬೆಟನ್ನರ ಪುನರ್ವಸತಿಯಲ್ಲಿ ಸರ್ಕಾರಕ್ಕೆ ನೆರವಾಗಲೆಂದೇ 1968ರಲ್ಲಿ ಮೈರಾಡ ಸಂಸ್ಥೆ ಹುಟ್ಟಿತು. ಆ ಕೆಲಸ ಮುಗಿಯುತ್ತಾ ಬಂದಂತೆ ಅದು ಸುತ್ತಲಿನ ಬಡ ಕುಟುಂಬಗಳತ್ತ ಹೊರಳಿತು. 1980ರ ದಶಕದಲ್ಲಿ, ಕುಸಿದ ಸಹಕಾರ ಸಂಘಗಳನ್ನು ಬಿಟ್ಟುಬಂದ ಸಣ್ಣ ಗುಂಪುಗಳು ತಾವೇ ಉಳಿತಾಯ, ಸಾಲ ನಡೆಸತೊಡಗಿದಾಗ ಮೈರಾಡ ಬೆನ್ನಿಗೆ ನಿಂತಿತು. 1992ರಲ್ಲಿ ರಾಷ್ಟ್ರೀಯ ಕೃಷಿ ಮತ್ತು ಗ್ರಾಮೀಣಾಭಿವೃದ್ಧಿ ಬ್ಯಾಂಕ್ (ನಬಾರ್ಡ್) ಇಂಥ ಗುಂಪುಗಳನ್ನು ಬ್ಯಾಂಕುಗಳಿಗೆ ಜೋಡಿಸುವ ಯೋಜನೆ ತಂದಿತು. ನಿರಾಶ್ರಿತರಿಗೆಂದು ಕಟ್ಟಿದ ಸಂಸ್ಥೆಯ ದೊಡ್ಡ ಫಲ ಸಿಕ್ಕಿದ್ದು, ಬಹುಶಃ, ನೆಲದವರಿಗೇ. ಮಂಡ್ಯ, ಮಳವಳ್ಳಿ ಹಳ್ಳಿಗಳ ಹೆಂಗಸರು ವಾರವಾರ ಹಣ ಕಟ್ಟುವ ಸ್ವಸಹಾಯ ಸಂಘಗಳು ಈ ಪದ್ಧತಿಯ ವಾರಸುದಾರರು.