ಜಗಲಿಯವರೆಗಿನ ಪ್ರವೇಶ

1920ರ ಜನವರಿ 31ರಂದು ಅಂಬೇಡ್ಕರ್ ಅವರ ‘ಮೂಕನಾಯಕ’ ಹೊರಟಿತು. ಶಾಹು ಮಹಾರಾಜರು 2,500 ರೂಪಾಯಿ ಕೊಟ್ಟಿದ್ದರು. ಹೊಸ ಪತ್ರಿಕೆಯೊಂದು ಬರುತ್ತಿದೆ ಎಂಬ ಜಾಹೀರಾತನ್ನು, ದುಡ್ಡು ಕೊಡ್ತೀವಿ ಅಂದರೂ ತಿಲಕರ ‘ಕೇಸರಿ’ ಅಚ್ಚು ಮಾಡಲಿಲ್ಲ. ನಮ್ಮವರ ಕಾಸು ಕೂಡ ಆ ಪುಟಕ್ಕೆ ಮೈಲಿಗೆಯಾಗಿತ್ತು. ಪತ್ರಿಕೆಗಳ ಜಾಲತಾಣಗಳಲ್ಲಿ ಓದುಗರು ಪಾಲ್ಗೊಳ್ಳುವ ಬಗೆ ಹೇಗಿರಬೇಕು ಎಂಬ ಇಂದಿನ ಚರ್ಚೆಯನ್ನು ನಾನು ಈ ನಿರಾಕರಣೆಯಿಂದಲೇ ಶುರು ಮಾಡುತ್ತೇನೆ.

ಈಗ ಬಾಗಿಲು ತೆರೆದಿದೆ, ಯಾರು ಬೇಕಾದರೂ ಪ್ರತಿಕ್ರಿಯಿಸಬಹುದು ಎನ್ನುತ್ತಾರೆ. ಸುದ್ದಿಯ ಕೆಳಗಿನ ಆ ಜಾಗ ನನಗೆ ಊರಗೌಡರ ಮನೆಯ ಜಗಲಿಯ ಹಾಗೆ ಕಾಣುತ್ತದೆ. ಅಲ್ಲಿವರೆಗೆ ಬರಬಹುದು, ಒಳಗೆ ಹೋಗುವಂತಿಲ್ಲ. ಒಳಗಿರೋರು ಯಾರು? 1996ರಲ್ಲಿ ಪತ್ರಕರ್ತ ಬಿ.ಎನ್. ಉನಿಯಾಲ್ ದೆಹಲಿಯಲ್ಲಿ ಒಬ್ಬ ದಲಿತ ಪತ್ರಕರ್ತನನ್ನು ಹುಡುಕಿ ಸೋತು, ಆ ಸೋಲನ್ನೇ ಲೇಖನವಾಗಿ ಬರೆದರು. 2006ರಲ್ಲಿ ಅನಿಲ್ ಚಮಾಡಿಯಾ, ಯೋಗೇಂದ್ರ ಯಾದವ್, ಜಿತೇಂದ್ರ ಕುಮಾರ್ ದೆಹಲಿಯ 37 ಮಾಧ್ಯಮ ಸಂಸ್ಥೆಗಳ 315 ಹಿರಿಯ ಪತ್ರಕರ್ತರ ಸಮೀಕ್ಷೆ ನಡೆಸಿದಾಗ ಅವರಲ್ಲಿ ಒಬ್ಬ ದಲಿತನೂ ಇರಲಿಲ್ಲ, ಒಬ್ಬ ಆದಿವಾಸಿಯೂ ಇರಲಿಲ್ಲ. ಯಾವ ಮಾತು ಉಳಿಯಬೇಕು, ಯಾವುದು ಅಳಿಯಬೇಕು ಎಂದು ತೀರ್ಮಾನವಾಗುವುದು ಇಂಥ ಕುರ್ಚಿಗಳಲ್ಲಿ.

2016ರಲ್ಲಿ ಇಂಗ್ಲೆಂಡಿನ ‘ಗಾರ್ಡಿಯನ್’ ತನ್ನ ತಾಣದ 7 ಕೋಟಿ ಪ್ರತಿಕ್ರಿಯೆಗಳನ್ನು ತಾನೇ ಜಾಲಾಡಿತು. ಅತಿ ಹೆಚ್ಚು ನಿಂದನೆಗೆ ಗುರಿಯಾದ ಹತ್ತು ಬರಹಗಾರರಲ್ಲಿ ಎಂಟು ಮಂದಿ ಹೆಂಗಸರು, ಉಳಿದಿಬ್ಬರು ಕಪ್ಪು ಗಂಡಸರು. ಜಾತಿನಿಂದನೆಯ ಇಂಥದೊಂದು ಲೆಕ್ಕ ತೆಗೆದ ಕನ್ನಡ ಪತ್ರಿಕೆಯನ್ನು ನಾನಂತೂ ಕಂಡಿಲ್ಲ.

‘ಬಳಕೆಗೆ ಸುಲಭ’ ಎನ್ನುತ್ತಾರಲ್ಲ, ಯಾರಿಗೆ ಸುಲಭ? 1991ರ ಯುನಿಕೋಡ್‌ನಲ್ಲೇ ಕನ್ನಡವಿದ್ದರೂ ನಮ್ಮ ಹಲವು ಪತ್ರಿಕಾ ತಾಣಗಳು ಬಹುಕಾಲ ತಂತಮ್ಮ ಫಾಂಟುಗಳಿಗೇ ಅಂಟಿಕೊಂಡಿದ್ದವು. ಆ ಫಾಂಟು ಇಳಿಸಿಕೊಳ್ಳಲು ತಿಳಿಯದವನಿಗೆ ಅಕ್ಷರವೇ ಕಾಣದು. 2010ರಲ್ಲಿ ಶುಭ್ರಾಂಶು ಚೌಧರಿ ಛತ್ತೀಸಗಢದಲ್ಲಿ ಕಟ್ಟಿದ ‘ಸಿಜಿನೆಟ್ ಸ್ವರ’ಕ್ಕೆ ಅಕ್ಷರವೂ ಬೇಕಿರಲಿಲ್ಲ. ಮಾಮೂಲಿ ಫೋನಿನಿಂದ ಆದಿವಾಸಿಗಳು ಗೊಂಡಿಯಲ್ಲೇ ಸುದ್ದಿ ಹೇಳಿದರು, ಉಳಿದವರು ಫೋನಿನಲ್ಲೇ ಕೇಳಿಸಿಕೊಂಡರು. ಕೈಪಂಪು ಕೆಟ್ಟದ್ದು, ಕೂಲಿ ಬಾರದ್ದು, ಎಲ್ಲವೂ ಅಲ್ಲಿ ಸುದ್ದಿಯೇ.

ನನ್ನ ವಿದ್ಯಾರ್ಥಿನಿಯೊಬ್ಬಳು ದೇವಸ್ಥಾನ ಪ್ರವೇಶ ನಿರಾಕರಣೆಯ ವರದಿಯೊಂದರ ಕೆಳಗೆ ತನ್ನ ಕೇರಿಯ ಅನುಭವ ಬರೆದಳು. ಸಂಜೆಯೊಳಗೆ ಅದು ಮಾಯ. ಅವಳ ಜಾತಿ ಹಿಡಿದು ಬೈದವರ ಮಾತುಗಳು ಮಾತ್ರ ಹಾಗೇ ಇದ್ದವು. ಅವಳು ಸಿಟ್ಟಾಗಲಿಲ್ಲ. ‘ಸಾರ್, ಅಳಿಸಿದ್ದು ಯಾರು ಅಂತಾದ್ರೂ ಹೇಳ್ತಾರಾ?’ ಅಂದಳು. ಪತ್ರಿಕೆಗೆ ಬರೆದು ಕೇಳಿದೆವು. ಉತ್ತರ ಬಂದಿಲ್ಲ.