ರೊಮೊರಾಂತಿನ್ ನಗರ ಯೋಜನೆ

ರೊಮೊರಾಂತಿನ್ ನಗರ ಯೋಜನೆಯು ಫ್ರಾನ್ಸಿನ ದೊರೆ ಮೊದಲನೆಯ ಫ್ರಾನ್ಸಿಸನಿಗಾಗಿ ಲಿಯೊನಾರ್ಡೊ ಡ ವಿಂಚಿ ತನ್ನ ಕೊನೆಯ ವರ್ಷಗಳಲ್ಲಿ (1517–1519) ರೂಪಿಸಿದ, ಆದರೆ ನಿರ್ಮಾಣಗೊಳ್ಳದೆ ಉಳಿದ ಅರಮನೆ ಹಾಗೂ ನಗರದ ಯೋಜನೆಯಾಗಿದೆ. ಮಧ್ಯ ಫ್ರಾನ್ಸಿನ ಸೊಲೋನ್ಯ ಪ್ರದೇಶದಲ್ಲಿ, ಸೋಲ್ದ್ರ್ ನದಿಯ ದಡದಲ್ಲಿರುವ ರೊಮೊರಾಂತಿನ್ ಪಟ್ಟಣವನ್ನು ಇದಕ್ಕೆ ಆರಿಸಲಾಗಿತ್ತು.

ಹಿನ್ನೆಲೆ

1515ರಲ್ಲಿ ಪಟ್ಟಕ್ಕೆ ಬಂದ ಫ್ರಾನ್ಸಿಸನ ಆಹ್ವಾನದಂತೆ ಲಿಯೊನಾರ್ಡೊ 1516ರಲ್ಲಿ ಇಟಲಿಯನ್ನು ತೊರೆದು ಅಂಬ್ವಾಸ್ ಪಟ್ಟಣದ ಸಮೀಪ ನೆಲೆಸಿದನು. ರೊಮೊರಾಂತಿನ್ ಕೋಟೆಯು ದೊರೆಯ ತಾಯಿ, ಸವಾಯ್ ಮನೆತನದ ಲೂಯೀಸಳ ನಿವಾಸವಾಗಿತ್ತು. ರಾಣಿ ಕ್ಲೋಡ್ 1499ರಲ್ಲಿ ಜನಿಸಿದುದೂ ಅಲ್ಲಿಯೇ. ನಗರರಚನೆಯು ಲಿಯೊನಾರ್ಡೊನಿಗೆ ಹೊಸ ವಿಷಯವಾಗಿರಲಿಲ್ಲ. 1484–85ರ ಪ್ಲೇಗ್ ಪಿಡುಗಿನ ತರುವಾಯ, ಮಿಲಾನಿನಲ್ಲಿದ್ದಾಗ, ಎರಡು ಅಂತಸ್ತಿನ ಬೀದಿಗಳೂ ಕಾಲುವೆಗಳೂ ಉಳ್ಳ ಆದರ್ಶ ನಗರವೊಂದನ್ನು ಅವನು ಕಲ್ಪಿಸಿದ್ದನು.

ಯೋಜನೆಯ ಸ್ವರೂಪ

ಈ ಯೋಜನೆಯ ಜೀವಾಳ ನೀರು. ನದಿಯಿಂದ ತೆಗೆದ ಕಾಲುವೆಗಳು ಹೊಲಗಳಿಗೆ ನೀರುಣಿಸಬೇಕು, ಗಿರಣಿಗಳನ್ನು ತಿರುಗಿಸಬೇಕು, ಬೀದಿಗಳ ಕೊಳೆಯನ್ನು ತೊಳೆಯಬೇಕು ಎಂಬುದು ಲಿಯೊನಾರ್ಡೊನ ಆಶಯವಾಗಿತ್ತು. ಅರಮನೆಯ ಮುಂದಿನ ಜಲಾಶಯದಲ್ಲಿ ದೋಣಿಗಳ ಮೇಲೆ ನಿಂತು ಆಡುವ ಕಾಳಗದ ಕ್ರೀಡೆಗೂ ಅವಕಾಶ ಕಲ್ಪಿಸಲಾಗಿತ್ತು. ಬಿಡಿಭಾಗಗಳಾಗಿ ತಯಾರಿಸಿ, ನಿಗದಿತ ಸ್ಥಳದಲ್ಲಿ ಜೋಡಿಸಬಹುದಾದ ಮರದ ಮನೆಗಳ ವಿಚಾರವೂ ಅವನ ಟಿಪ್ಪಣಿಗಳಲ್ಲಿದೆ. ಲ್ವಾರ್ ಮತ್ತು ಸೋನ್ ನದಿಗಳನ್ನು ಕೂಡಿಸುವ ಜಲಮಾರ್ಗವೂ ಅವನ ಚಿಂತನೆಯ ಭಾಗವಾಗಿತ್ತು.

ಯೋಜನೆಯ ಅಂತ್ಯ

ಲಿಯೊನಾರ್ಡೊ 1519ರ ಮೇ 2ರಂದು ನಿಧನನಾದನು. ಅದೇ ವರ್ಷ ದೊರೆಯು ಶಾಂಬೋರ್ ಅರಮನೆಯ ನಿರ್ಮಾಣಕ್ಕೆ ಆಜ್ಞೆಯಿತ್ತನು. ರೊಮೊರಾಂತಿನ್ ಹಿಂದೆ ಸರಿಯಿತು. ಸಾಂಕ್ರಾಮಿಕ ರೋಗದ ಭೀತಿಯೂ ಇದಕ್ಕೆ ಕಾರಣವೆಂದು ಕೆಲವು ಇತಿಹಾಸಕಾರರು ಅಭಿಪ್ರಾಯಪಡುತ್ತಾರೆ.

ಆಕರಗಳು ಮತ್ತು ಸಂಶೋಧನೆ

ಕಟ್ಟದ ನಗರಕ್ಕೆ ಅವಶೇಷಗಳ ಸಾಕ್ಷ್ಯ ದೊರೆಯದು. ಆದ್ದರಿಂದ ಸಂಶೋಧಕರು ಹಸ್ತಪ್ರತಿಗಳನ್ನೇ ಅವಲಂಬಿಸಬೇಕಾಗಿದೆ. ಮಿಲಾನಿನ ಅಂಬ್ರೋಸಿಯನ್ ಗ್ರಂಥಾಲಯದಲ್ಲಿರುವ ಕೋಡೆಕ್ಸ್ ಅಟ್ಲಾಂಟಿಕಸ್ ಹಾಗೂ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿರುವ ಕೋಡೆಕ್ಸ್ ಅರಂಡೆಲ್ ಇದರ ಮುಖ್ಯ ಆಕರಗಳು. ಬಲದಿಂದ ಎಡಕ್ಕೆ ಸಾಗುವ ಕನ್ನಡಿ ಬರಹವನ್ನು ಓದುವುದು ಮೊದಲ ತೊಡಕು. 16ನೆಯ ಶತಮಾನದ ಕೊನೆಯಲ್ಲಿ ಶಿಲ್ಪಿ ಪೊಂಪೆಯೊ ಲಿಯೊನಿ ಈ ಹಾಳೆಗಳನ್ನು ಕತ್ತರಿಸಿ, ತನ್ನದೇ ಕ್ರಮದಲ್ಲಿ ಅಂಟಿಸಿದುದರಿಂದ ಅವುಗಳ ಮೂಲ ಅನುಕ್ರಮ ಕೆಟ್ಟುಹೋಯಿತು. ಹಲವು ಹಾಳೆಗಳಲ್ಲಿ ದಿನಾಂಕವೇ ಇಲ್ಲ. ಸಂತ ಆಂಟನಿಯ ಹಬ್ಬದ ಹಿಂದಿನ ದಿನ, ಅಂದರೆ ಜನವರಿ 16ರಂದು, ರೊಮೊರಾಂತಿನ್‌ನಿಂದ ಮರಳಿದುದಾಗಿ ಲಿಯೊನಾರ್ಡೊ ಬರೆದಿಟ್ಟಿರುವ ಟಿಪ್ಪಣಿ ಈ ಕಾರಣದಿಂದ ಬಹಳ ಬೆಲೆಯುಳ್ಳದ್ದು. ಚದುರಿದ ಹಾಳೆಗಳನ್ನು ಒಂದುಗೂಡಿಸಿ ಯೋಜನೆಯನ್ನು ವಿವರಿಸಿದ ಇಟಲಿಯ ವಿದ್ವಾಂಸ ಕಾರ್ಲೊ ಪೆದ್ರೆತ್ತಿಯ ಗ್ರಂಥವು 1972ರಲ್ಲಿ ಪ್ರಕಟವಾಯಿತು.

ಮಹತ್ತ್ವ

ನೀರು ಪೂರೈಕೆ, ನೈರ್ಮಲ್ಯ, ಸಾರಿಗೆ ಮತ್ತು ವಸತಿಗಳನ್ನು ಒಂದೇ ವ್ಯವಸ್ಥೆಯಾಗಿ ಕಂಡುದರಿಂದ ನಗರಯೋಜನೆಯ ಇತಿಹಾಸದಲ್ಲಿ ಈ ಯೋಜನೆಗೆ ವಿಶಿಷ್ಟ ಸ್ಥಾನವಿದೆ. ಲ್ವಾರ್ ಮತ್ತು ಸೋನ್ ನದಿಗಳನ್ನು ಕೂಡಿಸುವ ಕಾಲುವೆಯು 18ನೆಯ ಶತಮಾನದ ಅಂತ್ಯದಲ್ಲಿ, ಬೇರೊಂದು ಯೋಜನೆಯಾಗಿ, ಕೈಗೂಡಿತು.